ಮುಂದಿರುವ ಮಕ್ಕಳಿಗೆ ಬೇರೆ ಸೆಕ್ಷನ್ ಬೇಡ, ಬೇರೆ ಪೀರಿಯಡ್ ಕೊಡಿ

ಮಾನ್ಯ ಸಂಪಾದಕರೇ,

ಓದಿನಲ್ಲಿ ಮುಂದಿರುವ ಮಕ್ಕಳನ್ನು ಬೇರೆ ತರಗತಿಯಲ್ಲಿ ಕೂರಿಸಬೇಕೇ ಎಂಬ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬರುತ್ತಿರುವ ಪತ್ರಗಳನ್ನು ತಪ್ಪದೆ ಓದುತ್ತಿದ್ದೇನೆ. ತಂದೆಯೊಬ್ಬರು, ತಮ್ಮ ಮಗಳು ಶಾಲೆಗೆ ಹೋಗಿ ಸುಮ್ನೆ ಕೂತು ಬರುತ್ತಾಳೆ, ಅವಳಂಥವರಿಗೆ ಪ್ರತ್ಯೇಕ ಸೆಕ್ಷನ್ ಬೇಕು ಎಂದು ಬರೆದಿದ್ದರು. ಅದಕ್ಕೆ ಉತ್ತರವಾಗಿ ಇನ್ನೊಬ್ಬರು, ಮಕ್ಕಳನ್ನು ಹೀಗೆ ಬೇರೆ ಮಾಡುವುದೇ ಅನ್ಯಾಯ, ಎಲ್ಲರೂ ಒಟ್ಟಿಗೆ ಕಲಿಯಲಿ ಎಂದರು. ಇಬ್ಬರ ಪತ್ರ ಓದುವಾಗಲೂ ನನಗೆ ಗೊತ್ತಿರುವ ಮಕ್ಕಳ ಮುಖಗಳು ಕಣ್ಣ ಮುಂದೆ ಬಂದವು. ನಾನು ಐದರಿಂದ ಎಂಟನೇ ತರಗತಿವರೆಗೆ ಗಣಿತ ಕಲಿಸುತ್ತೇನೆ. ಶಾಲೆಯ ಟೈಮ್‌ಟೇಬಲ್ ಮಾಡುವ ಕೆಲಸವೂ ಬಹಳ ವರ್ಷಗಳಿಂದ ನನ್ನ ಪಾಲಿನದೇ. ಈ ಎರಡು ಕೆಲಸಗಳಿಂದ ನನಗೆ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಒಟ್ಟು ಅಂಕ ನೋಡಿ ಮಕ್ಕಳನ್ನು ವರ್ಷವಿಡೀ, ಎಲ್ಲ ವಿಷಯಕ್ಕೂ ಬೇರೆ ಬೇರೆ ಕೋಣೆಯಲ್ಲಿ ಕೂರಿಸುವುದು ತಪ್ಪು. ಹಾಗಂತ ಮುಂದಿರುವ ಮಗುವಿಗೆ ಗೊತ್ತಿರುವ ಪಾಠವನ್ನೇ ಮತ್ತೆ ಮತ್ತೆ ಕೇಳಿಸುತ್ತಾ ಕೂರಿಸುವುದೂ ತಪ್ಪೇ. ದಿನಕ್ಕೆ ಒಂದು ಪೀರಿಯಡ್, ಒಂದು ವಿಷಯಕ್ಕೆ ಮಾತ್ರ, ಮಗು ಈಗ ಎಲ್ಲಿದೆಯೋ ಅಲ್ಲಿಂದ ಮುಂದಕ್ಕೆ ಕಲಿಸುವ ಗುಂಪಿಗೆ ಹೋಗಲಿ. ಉಳಿದ ಹೊತ್ತು ಓರಗೆಯವರ ಜೊತೆ ಇರಲಿ. ಆ ಗುಂಪು ಆಗಾಗ ಬದಲಾಗಲಿ. ಇದನ್ನು ಮಾಡಲು ಸಾಧ್ಯವಿದೆ ಎಂದು ಹೇಳುವುದಕ್ಕೇ ಈ ಪತ್ರ.

ಆರನೇ ತರಗತಿಯ ಒಂದು ಗಣಿತ ಪೀರಿಯಡ್ ಹೇಗಿರುತ್ತದೆ ಎಂದು ಹೇಳುತ್ತೇನೆ. ಪಾಠ ಭಿನ್ನರಾಶಿ. ಮುಂದಿನ ಬೆಂಚಿನ ಹುಡುಗನಿಗೆ 52ರಲ್ಲಿ 27 ಕಳೆಯುವುದಕ್ಕೇ ಇನ್ನೂ ತಡಕಾಟ. ಎರಡರಲ್ಲಿ ಏಳು ಹೋಗುವುದಿಲ್ಲವಾದ್ದರಿಂದ ಏಳರಲ್ಲಿ ಎರಡು ಕಳೆದು 35 ಎಂದು ಬರೆಯುತ್ತಾನೆ. ಹತ್ತರ ಸ್ಥಾನದಿಂದ ಕಡ ತರುವುದು ಅವನಿಗೆ ಕೆಳಗಿನ ತರಗತಿಯಲ್ಲೇ ಅರ್ಥವಾಗಿರಲಿಲ್ಲ. ಆಮೇಲೆ ಯಾರೂ ಆ ಜಾಗಕ್ಕೆ ವಾಪಸ್ ಹೋಗಿಲ್ಲ. ಮಧ್ಯದ ಸಾಲುಗಳಲ್ಲಿ 1/2ಕ್ಕೆ 1/3 ಕೂಡಿಸಿ 2/5 ಎನ್ನುವವರು ಜಾಸ್ತಿ. ಮೇಲಿನದನ್ನು ಮೇಲಿನದಕ್ಕೆ, ಕೆಳಗಿನದನ್ನು ಕೆಳಗಿನದಕ್ಕೆ ಕೂಡಿಸಿರುತ್ತಾರೆ. ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಹೇಗಾಯಿತು ಎಂದು ಕೇಳಿದರೆ ಆಗ ತಲೆ ಕೆರೆದುಕೊಳ್ಳುತ್ತಾರೆ. ಅದೇ ಹೊತ್ತಿಗೆ ಕಿಟಕಿ ಪಕ್ಕದ ಹುಡುಗಿ ಪುಸ್ತಕದ ಲೆಕ್ಕವನ್ನೆಲ್ಲ ಮುಗಿಸಿ ಕೈ ಎತ್ತುತ್ತಾಳೆ. "ಮಿಸ್, ಭಿನ್ನರಾಶಿಯಿಂದ ಭಾಗಿಸುವಾಗ ಅದನ್ನು ತಲೆಕೆಳಗು ಮಾಡಿ ಗುಣಿಸ್ತೀವಲ್ಲ, ಯಾಕೆ?"

ಇದು ನಿಜವಾದ ಗಣಿತದ ಪ್ರಶ್ನೆ. ಮೂರರಲ್ಲಿ ಅರ್ಧಗಳು ಎಷ್ಟು ಹಿಡಿಸುತ್ತವೆ ಎಂಬಲ್ಲಿಂದ ಶುರು ಮಾಡಿ, ಮೂರನೇ ಎರಡು ಭಾಗಗಳು ಎಷ್ಟು ಹಿಡಿಸುತ್ತವೆ ಎಂಬಲ್ಲಿಗೆ ಹೋಗಿ, ಅವಳೇ ಕಾರಣ ಹೇಳುವ ತನಕ ಕಾಯಬೇಕು. ಹದಿನೈದು ನಿಮಿಷ ಬೇಕು. ಪೀರಿಯಡ್ ಇರುವುದು ನಲವತ್ತು ನಿಮಿಷ. ಅವಳ ಜೊತೆ ಆ ಹದಿನೈದು ನಿಮಿಷ ಕಳೆದರೆ ಮುಂದಿನ ಬೆಂಚಿನ ಹುಡುಗನಿಗೆ ನಾನಿಲ್ಲ. ಅವನ ಪಕ್ಕ ಕೂತು ಹತ್ತರ ಕಟ್ಟು ಬಿಚ್ಚಿ ತೋರಿಸಿದರೆ ಇವಳಿಗೆ ನಾನಿಲ್ಲ. ಸಾಮಾನ್ಯವಾಗಿ ನಾವು ಶಿಕ್ಷಕರು ಇಬ್ಬರನ್ನೂ ಬಿಟ್ಟು ಮಧ್ಯದ ಸಾಲಿಗೆ ಪಾಠ ಮಾಡುತ್ತೇವೆ.

ಬೇಗ ಮುಗಿಸಿದ ಮಗುವಿಗೆ ಏನು ಕೊಡುತ್ತೇವೆ? ಅದೇ ಥರದ ಇನ್ನೂ ಹತ್ತು ಲೆಕ್ಕ. ಇಲ್ಲವೇ "ಪಕ್ಕದವರಿಗೆ ಹೇಳಿಕೊಡು" ಎನ್ನುತ್ತೇವೆ. ಒಂದೊಂದು ಸಲ ಹೇಳಿಕೊಡುವುದು ಒಳ್ಳೆಯದೇ. ಗೊತ್ತಿದ್ದದ್ದನ್ನು ಬಾಯಿಬಿಟ್ಟು ಹೇಳುವಾಗ ಅದು ಗಟ್ಟಿಯಾಗುತ್ತದೆ. ಆದರೆ ದಿನಾ ಅದೇ ಆದರೆ, ಹನ್ನೊಂದು ವರ್ಷದ ಮಗು ಸಂಬಳವಿಲ್ಲದ ಸಹಾಯಕ ಶಿಕ್ಷಕಿಯಾಗುತ್ತದೆ. ಅವಳು ಶಾಲೆಗೆ ಬಂದದ್ದು ಕಲಿಯಲು. ಎಲ್ಲರೂ ಒಟ್ಟಿಗೆ ಕಲಿಯಲಿ ಎಂದು ಬರೆದ ಓದುಗರು ಈ ಭಾಗವನ್ನು ಯೋಚಿಸಿರಲಿಕ್ಕಿಲ್ಲ. ಒಂದೇ ಕೋಣೆಯಲ್ಲಿ ಕೂತ ಮಾತ್ರಕ್ಕೆ ಒಟ್ಟಿಗೆ ಕಲಿತ ಹಾಗೆ ಆಗುವುದಿಲ್ಲ, ಅಲ್ವಾ?

ಇದರಲ್ಲಿ ಇನ್ನೊಂದು ಅಪಾಯವಿದೆ. ಅದನ್ನು ಪೋಷಕರು ಬೇಗ ಗಮನಿಸುವುದಿಲ್ಲ, ಏಕೆಂದರೆ ಅಂಕಪಟ್ಟಿಯಲ್ಲಿ ಅದು ಕಾಣುವುದಿಲ್ಲ. ವರ್ಷಗಟ್ಟಲೆ ಕಷ್ಟವೇ ಎದುರಾಗದ ಮಗುವಿಗೆ ಕಷ್ಟಪಡುವುದು ಅಭ್ಯಾಸವಾಗುವುದಿಲ್ಲ. ನನ್ನ ಒಬ್ಬ ವಿದ್ಯಾರ್ಥಿನಿ ಏಳನೇ ತರಗತಿವರೆಗೆ ಎಲ್ಲ ಟೆಸ್ಟುಗಳಲ್ಲೂ ಪೂರ್ತಿ ಅಂಕ ತೆಗೆದಿದ್ದಳು. ಎಂಟರಲ್ಲಿ ರೇಖಾಗಣಿತದ ಸಾಧನೆ, ಅಂದರೆ ಒಂದು ಹೇಳಿಕೆ ಯಾಕೆ ನಿಜ ಎಂದು ಹಂತ ಹಂತವಾಗಿ ತೋರಿಸುವುದು, ಬಂತು. ಉತ್ತರ ತಟ್ಟನೆ ಹೊಳೆಯುವ ಲೆಕ್ಕವಲ್ಲ ಅದು. ಚಿತ್ರವನ್ನು ನೋಡುತ್ತಾ ಕೂರಬೇಕು, ಒಂದು ದಾರಿ ಹಿಡಿದು ಅದು ಮುಚ್ಚಿಹೋದರೆ ವಾಪಸ್ ಬರಬೇಕು. ಅವಳು ಹಾಗೆ ಎಂದೂ ಮಾಡಿರಲೇ ಇಲ್ಲ. ಮೊದಲ ಸಲ ಸಿಕ್ಕಿಕೊಂಡಾಗ ತನಗೆ ಬುದ್ಧಿಯೇ ಇಲ್ಲ ಎಂದು ತೀರ್ಮಾನ ಮಾಡಿಕೊಂಡಳು. ಮನೆಯಲ್ಲಿ ಅತ್ತಿದ್ದಾಳೆ, ಶಾಲೆಗೆ ಹೋಗುವುದಿಲ್ಲ ಎಂದಿದ್ದಾಳೆ. ಅವಳನ್ನು ಮತ್ತೆ ಲೆಕ್ಕದ ಮುಂದೆ ಕೂರಿಸಲು ತಿಂಗಳುಗಳೇ ಹಿಡಿದವು. ಐದನೇ ತರಗತಿಯಲ್ಲೇ ಅವಳ ಅಳತೆಗೆ ತಕ್ಕ ಲೆಕ್ಕ ಕೊಟ್ಟಿದ್ದರೆ ಅವಳಿಗೆ ಈ ಸ್ಥಿತಿ ಬರುತ್ತಿರಲಿಲ್ಲ ಎಂದು ನಾನು ಖಂಡಿತ ನಂಬುತ್ತೇನೆ.

ಹಾಗಾದರೆ ಆ ತಂದೆ ಕೇಳಿದಂತೆ ಪ್ರತ್ಯೇಕ ಸೆಕ್ಷನ್ ಮಾಡಿದರೆ ಸರಿಹೋಗುತ್ತದೆಯೇ? ನಾನು ಹಿಂದೆ ಕೆಲಸ ಮಾಡಿದ ಒಂದು ಶಾಲೆಯಲ್ಲಿ ಅದೇ ಪದ್ಧತಿ ಇತ್ತು. ಐದನೇ ತರಗತಿಯ ಕೊನೆಗೆ ಎಲ್ಲ ವಿಷಯಗಳ ಅಂಕ ಕೂಡಿಸಿ, ಮೇಲಿನಿಂದ ಕೆಳಕ್ಕೆ ಪಟ್ಟಿ ಮಾಡಿ, ಮಧ್ಯಕ್ಕೆ ಗೆರೆ ಎಳೆಯುತ್ತಿದ್ದರು. ಗೆರೆಯ ಮೇಲಿನವರು ಎ ಸೆಕ್ಷನ್, ಕೆಳಗಿನವರು ಬಿ ಸೆಕ್ಷನ್. ಒಂದು ವರ್ಷ ಆ ಗೆರೆ ಅವಳಿ ಹೆಣ್ಣುಮಕ್ಕಳ ನಡುವೆ ಬಿತ್ತು. ಇಬ್ಬರ ನಡುವೆ ಇದ್ದದ್ದು ಕೆಲವೇ ಅಂಕಗಳ ವ್ಯತ್ಯಾಸ. ಬಿ ಸೆಕ್ಷನ್‌ಗೆ ಹೋದವಳು ಗಣಿತದಲ್ಲಿ ಅಕ್ಕನಿಗಿಂತ ಚುರುಕು. ಅಂಕ ಹೋದದ್ದು ಭಾಷೆಯ ಪ್ರಬಂಧದಲ್ಲಿ, ಕಾಗುಣಿತದಲ್ಲಿ. ಒಟ್ಟು ಅಂಕದಲ್ಲಿ ಅವಳ ಗಣಿತ ಮುಚ್ಚಿಹೋಯಿತು.

ಆ ಸೆಕ್ಷನ್‌ನಲ್ಲಿ ಏನಾಯಿತು ಎನ್ನುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಹೊಸದಾಗಿ ಸೇರಿದ ಶಿಕ್ಷಕರನ್ನು ಬಿ ಸೆಕ್ಷನ್‌ಗೆ ಹಾಕುತ್ತಿದ್ದರು. ಯಾರಾದರೂ ರಜೆ ಹಾಕಿದರೆ ಮೊದಲು ಖಾಲಿಯಾಗುತ್ತಿದ್ದದ್ದು ಅವರ ಪೀರಿಯಡ್. ಸ್ಟಾಫ್ ರೂಮಿನಲ್ಲಿ "ಬಿ ಸೆಕ್ಷನ್‌ಗೆ ಇಷ್ಟು ಸಾಕು" ಎಂಬ ಮಾತು ಸಹಜವಾಗಿ ಬರುತ್ತಿತ್ತು. ಬೀಜಗಣಿತದ ಪಾಠದಲ್ಲಿ ಎ ಸೆಕ್ಷನ್‌ಗೆ ಪದಗಳಲ್ಲಿ ಕೊಟ್ಟ ಸಮಸ್ಯೆಗಳು, ಬಿ ಸೆಕ್ಷನ್‌ಗೆ ಬರೀ ಸಮೀಕರಣ ಬಿಡಿಸುವುದು. ಏಳನೇ ತರಗತಿ ಮುಗಿಯುವ ಹೊತ್ತಿಗೆ ಇಬ್ಬರು ಹುಡುಗಿಯರ ನಡುವೆ ನಿಜವಾಗಿಯೂ ಅಂತರ ಬಂದಿತ್ತು. ಗೆರೆ ಎಳೆದವರು ಅದನ್ನೇ ತೋರಿಸಿ, ನಾವು ವಿಂಗಡಿಸಿದ್ದು ಸರಿಯಾಗಿತ್ತು ನೋಡಿ ಎಂದರು. ಚೆನ್ನಾಗಿ ಓದಿದರೆ ಮೇಲಿನ ಸೆಕ್ಷನ್‌ಗೆ ಹೋಗಬಹುದು ಎಂಬ ನಿಯಮವೇನೋ ಇತ್ತು. ಆದರೆ ಕಲಿಸದೇ ಇದ್ದ ಪಾಠದ ಪ್ರಶ್ನೆಗಳಿಗೆ ಉತ್ತರ ಬರೆದು ಯಾರು ಮೇಲೆ ಹೋಗುತ್ತಾರೆ? ಮಕ್ಕಳ ತಾಯಿ ಒಮ್ಮೆ ನನ್ನ ಹತ್ತಿರ, "ಮೇಡಂ, ದೊಡ್ಡವಳು ಮನೆಯಲ್ಲಿ ಹೋಮ್‌ವರ್ಕ್ ತೆರೆದರೆ ಚಿಕ್ಕವಳು ಎದ್ದು ಇನ್ನೊಂದು ರೂಮಿಗೆ ಹೋಗ್ತಾಳೆ" ಎಂದರು. ಮೊದಲು ಇಬ್ಬರೂ ಒಂದೇ ಹಾಳೆಯಲ್ಲಿ ಲೆಕ್ಕ ಮಾಡುತ್ತಿದ್ದರಂತೆ.

ದೊಡ್ಡವಳಿಗೂ ಅಲ್ಲಿ ಸುಖವಿರಲಿಲ್ಲ. ಎ ಸೆಕ್ಷನ್‌ನಿಂದ ಕೆಳಗೆ ಹಾಕುತ್ತಾರೆ ಎಂಬ ಭಯ ಅವಳಿಗೆ. ಹಿಂದೆ ತರಗತಿಗೆ ಮೊದಲಿಗಳಾಗಿದ್ದವಳು ಇಲ್ಲಿ ಕೊನೆಯ ಸಾಲಿನವಳಾದಳು. ಸಂಶೋಧಕ ಹರ್ಬರ್ಟ್ ಮಾರ್ಷ್ 1980ರ ದಶಕದಿಂದ ಅಧ್ಯಯನ ಮಾಡುತ್ತಾ ಬಂದಿರುವುದು ಇದನ್ನೇ. ಒಂದೇ ಮಟ್ಟದ ಸಾಮರ್ಥ್ಯವಿರುವ ಇಬ್ಬರಲ್ಲಿ, ಆಯ್ದ ಮಕ್ಕಳ ನಡುವೆ ಕೂತ ಮಗುವಿಗೆ ತನ್ನ ಬಗ್ಗೆ ತನಗಿರುವ ನಂಬಿಕೆ ಕಡಿಮೆಯಾಗುತ್ತದೆ. ಬೇರೆ ಬೇರೆ ದೇಶಗಳಲ್ಲಿ ಇದು ಕಂಡಿದೆ. ಅದಕ್ಕಾಗಿ ಮುಂದಿರುವ ಮಕ್ಕಳು ಎಂದೂ ಸರಿಸಮರ ಜೊತೆ ಕೂರಬಾರದು ಎಂದು ನಾನು ಹೇಳುತ್ತಿಲ್ಲ. ದಿನಪೂರ್ತಿ, ಎಲ್ಲ ವಿಷಯಕ್ಕೂ ಅದೇ ಪೈಪೋಟಿ ಆದರೆ ಹತ್ತು ವರ್ಷದ ಮಗುವಿಗೆ ತುಂಬಾ ಭಾರ.

ಗೆರೆ ಎಳೆಯುವವರಿಗೆ ಮಗುವಿನ ಬುದ್ಧಿ ಅಷ್ಟು ಖಚಿತವಾಗಿ ತಿಳಿಯುತ್ತದೆಯೇ ಎಂಬುದೇ ದೊಡ್ಡ ಪ್ರಶ್ನೆ. ಮನಶ್ಶಾಸ್ತ್ರಜ್ಞ ಲೂಯಿಸ್ ಟರ್ಮನ್ 1921ರಲ್ಲಿ ಕ್ಯಾಲಿಫೋರ್ನಿಯಾದ ಅತಿ ಬುದ್ಧಿವಂತ ಮಕ್ಕಳನ್ನು ಪರೀಕ್ಷೆಯಿಂದ ಆರಿಸಿ, ಅವರ ಬದುಕನ್ನು ದಶಕಗಳ ಕಾಲ ಹಿಂಬಾಲಿಸಿದರು. ಆಗ ಪರೀಕ್ಷೆ ಬರೆದೂ ಆಯ್ಕೆಯಾಗದೇ ಉಳಿದ ಇಬ್ಬರು ಹುಡುಗರು ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಆಲ್ವಾರೆಜ್. ಇಬ್ಬರಿಗೂ ಮುಂದೆ ಭೌತಶಾಸ್ತ್ರದ ನೊಬೆಲ್ ಬಂತು, ಒಬ್ಬರಿಗೆ 1956ರಲ್ಲಿ, ಇನ್ನೊಬ್ಬರಿಗೆ 1968ರಲ್ಲಿ. ಆಯ್ಕೆಯಾದವರಲ್ಲಿ ಯಾರಿಗೂ ಬರಲಿಲ್ಲ. ಇಡೀ ಜೀವನ ಇದೇ ಕೆಲಸ ಮಾಡಿದ ವಿದ್ವಾಂಸರ ಜರಡಿಯಿಂದಲೇ ಇಂಥವರು ಜಾರಿಹೋದರು. ಶಾಲೆಯೊಂದರ ವಾರ್ಷಿಕ ಪರೀಕ್ಷೆಯಿಂದ ಎಷ್ಟು ಮಕ್ಕಳು ಜಾರಿರಬಹುದು?

ವಯಸ್ಸಿನ ವಿಷಯವೂ ಇದೆ. ಒಂದೇ ತರಗತಿಯಲ್ಲಿ ಹತ್ತು ಹನ್ನೊಂದು ತಿಂಗಳು ದೊಡ್ಡವರು, ಚಿಕ್ಕವರು ಇರುತ್ತಾರೆ. ಆರು ವರ್ಷದ ಮಗುವಿಗೆ ಅದು ತುಂಬ ದೊಡ್ಡ ಅಂತರ. ಇಂಗ್ಲೆಂಡಿನಲ್ಲಿ ಶಾಲಾ ವರ್ಷದ ಲೆಕ್ಕ ಸೆಪ್ಟೆಂಬರ್‌ನಿಂದ ಶುರುವಾಗುತ್ತದೆ. ಅಲ್ಲಿ ಆಗಸ್ಟ್‌ನಲ್ಲಿ ಹುಟ್ಟಿದ ಮಕ್ಕಳೇ ತರಗತಿಯಲ್ಲಿ ಚಿಕ್ಕವರು. ಚಿಕ್ಕ ತರಗತಿಗಳಲ್ಲಿ ಕೆಳಗಿನ ಗುಂಪಿಗೆ ಬೀಳುವವರಲ್ಲಿ ಅವರು ಜಾಸ್ತಿ. ಆ ವಯಸ್ಸಿಗೆ ನಾವು ದಡ್ಡತನ ಎಂದುಕೊಳ್ಳುವುದು ಬಹಳ ಸಲ ಬರೀ ಎಳೆತನ.

ಯಾರನ್ನು ಆರಿಸಬೇಕು ಎಂದು ಯಾರು ಹೇಳುತ್ತಾರೆ ಎಂಬುದೂ ಮುಖ್ಯ. ಅಮೆರಿಕದ ಫ್ಲಾರಿಡಾದ ಬ್ರೋವರ್ಡ್ ಕೌಂಟಿಯಲ್ಲಿ ಪ್ರತಿಭಾವಂತರ ತರಗತಿಗೆ ಮಕ್ಕಳ ಹೆಸರನ್ನು ಪೋಷಕರು ಮತ್ತು ಶಿಕ್ಷಕರು ಸೂಚಿಸಬೇಕಿತ್ತು. 2005ರಲ್ಲಿ ಆ ಪದ್ಧತಿ ಬಿಟ್ಟು, ಎರಡನೇ ತರಗತಿಯ ಎಲ್ಲ ಮಕ್ಕಳಿಗೂ ಒಂದು ಸಣ್ಣ ಪರೀಕ್ಷೆ ಕೊಟ್ಟರು. ಬಡ ಮನೆಯ ಮಕ್ಕಳು, ಕಪ್ಪು ಮತ್ತು ಹಿಸ್ಪಾನಿಕ್ (ಸ್ಪ್ಯಾನಿಷ್ ಭಾಷೆಯ ಮೂಲದ) ಸಮುದಾಯದ ಮಕ್ಕಳು ಮೊದಲಿಗಿಂತ ಬಹಳ ಹೆಚ್ಚು ಸಂಖ್ಯೆಯಲ್ಲಿ ಆಯ್ಕೆಯಾದರು. ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಲಾರಾ ಜೂಲಿಯಾನೊ ಇದನ್ನು ದಾಖಲಿಸಿದ್ದಾರೆ. ಆ ಮಕ್ಕಳು ಮೊದಲೂ ಅಲ್ಲೇ ಇದ್ದರು. ಅವರ ಪರವಾಗಿ ಬಂದು ಕೇಳುವವರು ಇರಲಿಲ್ಲ. ನನ್ನ ಅನುಭವವೂ ಇದೇ. ಮಗುವಿನ ಬುದ್ಧಿಯ ಬಗ್ಗೆ ಮಾತಾಡಲು ಶಾಲೆಗೆ ಬರುವುದು ಓದಿದ, ಬಿಡುವಿರುವ ಪೋಷಕರು. ಕೂಲಿ ಬಿಟ್ಟು ಬರಲಾಗದ ಮನೆಯ ಚುರುಕು ಮಗುವನ್ನು ಹುಡುಕುವುದು ಶಾಲೆಯ ಕೆಲಸ.

ಇಷ್ಟು ಹೇಳಿದ ಮೇಲೆ, ನನ್ನ ಮಾತಿಗೆ ಎದುರು ನಿಲ್ಲುವ ಒಂದು ಅಧ್ಯಯನವನ್ನೂ ಹೇಳಲೇಬೇಕು. ಎಸ್ತರ್ ಡುಫ್ಲೊ, ಪಾಸ್ಕಲಿನ್ ದುಪಾ ಮತ್ತು ಮೈಕೆಲ್ ಕ್ರೆಮರ್ ಪಶ್ಚಿಮ ಕೀನ್ಯಾದ 121 ಶಾಲೆಗಳಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. 2005ರಲ್ಲಿ ಆ ಶಾಲೆಗಳಿಗೆ ಒಂದನೇ ತರಗತಿಯನ್ನು ಎರಡು ಸೆಕ್ಷನ್ ಮಾಡಲು ಹೆಚ್ಚುವರಿ ಶಿಕ್ಷಕರು ಸಿಕ್ಕಿದರು. ಸುಮಾರು ಅರ್ಧದಷ್ಟು ಶಾಲೆಗಳಲ್ಲಿ ಮಕ್ಕಳನ್ನು ಮೊದಲಿನ ಅಂಕದ ಪ್ರಕಾರ ವಿಂಗಡಿಸಿದರು. ಉಳಿದ ಕಡೆ ಚೀಟಿ ಎತ್ತಿದ ಹಾಗೆ ಬೆರೆಸಿ ಹಂಚಿದರು. ವಿಂಗಡಿಸಿದ ಶಾಲೆಗಳಲ್ಲಿ ಮೇಲಿನವರೂ ಕೆಳಗಿನವರೂ ಇಬ್ಬರೂ ಹೆಚ್ಚು ಕಲಿತರು. ಮಧ್ಯದ ಗೆರೆಯ ಹತ್ತಿರ ಇದ್ದ ಮಕ್ಕಳು ಯಾವ ಸೆಕ್ಷನ್‌ಗೆ ಹೋದರೂ ಹೆಚ್ಚುಕಡಿಮೆ ಒಂದೇ ಸಮ ಕಲಿತರು.

ಇದನ್ನು ಓದಿ ನಾನು ಬಹಳ ಯೋಚಿಸಿದ್ದೇನೆ. ಸಂಶೋಧಕರು ಕೊಟ್ಟ ಕಾರಣ ಸರಳವಾದದ್ದು. ಬೆರೆತ ತರಗತಿಯಲ್ಲಿ ಶಿಕ್ಷಕರು ಸಾಮಾನ್ಯವಾಗಿ ಮೇಲಿನ ಮಕ್ಕಳನ್ನು ನೋಡಿ ಪಾಠ ಮಾಡುತ್ತಾರೆ. ವಿಂಗಡಿಸಿದಾಗ ಕೆಳಗಿನ ಮಕ್ಕಳಿಗೂ ಅವರ ಮಟ್ಟದಿಂದ ಶುರುವಾಗುವ ಪಾಠ ಸಿಕ್ಕಿತು. ಅಂದರೆ ಅಲ್ಲಿ ಕೆಲಸ ಮಾಡಿದ್ದು ಮಟ್ಟಕ್ಕೆ ತಕ್ಕ ಪಾಠ. ನಾನು ನೋಡಿದ ಬಿ ಸೆಕ್ಷನ್‌ನಲ್ಲಿ ಅದು ಇರಲೇ ಇಲ್ಲ. ಅಲ್ಲಿ ಅದೇ ಪುಸ್ತಕವನ್ನು ಕಡಿಮೆ ಮಾಡಿ ಓದಿಸುತ್ತಿದ್ದರು. ಇನ್ನು ಮಟ್ಟಕ್ಕೆ ತಕ್ಕ ಪಾಠಕ್ಕಾಗಿ ಮಕ್ಕಳನ್ನು ದಿನವಿಡೀ ಬೇರೆ ಮಾಡಲೇಬೇಕೆಂದಿಲ್ಲ. ನಮ್ಮ ದೇಶದಲ್ಲಿ ಮಕ್ಕಳ ಕಲಿಕೆಗಾಗಿ ಕೆಲಸ ಮಾಡುವ ಪ್ರಥಮ್ ಸಂಸ್ಥೆ ಮೂರರಿಂದ ಐದನೇ ತರಗತಿಯ ಮಕ್ಕಳನ್ನು ಓದು ಮತ್ತು ಲೆಕ್ಕದಲ್ಲಿ ಅವರು ಈಗ ಇರುವ ಮಟ್ಟದ ಪ್ರಕಾರ ಗುಂಪು ಮಾಡಿ, ದಿನಕ್ಕೆ ಒಂದೆರಡು ಗಂಟೆ ಕಲಿಸುವ ಪದ್ಧತಿ ಬೆಳೆಸಿತು. ಅದರಿಂದ ಹಿಂದೆ ಬಿದ್ದ ಮಕ್ಕಳು ಚೆನ್ನಾಗಿ ಮೇಲೆ ಬಂದರು. ಆಮೇಲೆ ಆ ಪದ್ಧತಿ ಆಫ್ರಿಕಾದ ದೇಶಗಳಿಗೂ ಹೋಯಿತು. ಹಿಂದಿರುವವರಿಗೆ ಕೆಲಸ ಮಾಡಿದ ಈ ಉಪಾಯ ಮುಂದಿರುವವರಿಗೆ ಯಾಕೆ ಬೇಡ?

ಇದು ಹೊಸದೇನೂ ಅಲ್ಲ. ಅಮೆರಿಕದ ಮಿಸೌರಿ ರಾಜ್ಯದ ಜೋಪ್ಲಿನ್ ಎಂಬ ಊರಿನ ಶಾಲೆಗಳು 1950ರ ದಶಕದಲ್ಲೇ ಹೀಗೆ ಮಾಡಿದ್ದವು. ನಾಲ್ಕು, ಐದು, ಆರನೇ ತರಗತಿಗಳಿಗೆ ಓದುವ ಪೀರಿಯಡ್ ಒಂದೇ ಹೊತ್ತಿಗೆ. ಗಂಟೆ ಹೊಡೆದಾಗ ಮಕ್ಕಳು ತಮ್ಮ ತರಗತಿ ಬಿಟ್ಟು ತಮ್ಮ ಓದಿನ ಮಟ್ಟದ ಕೋಣೆಗೆ ಹೋಗುತ್ತಿದ್ದರು. ಪೀರಿಯಡ್ ಮುಗಿದ ಮೇಲೆ ವಾಪಸ್. ರಾಬರ್ಟ್ ಸ್ಲೇವಿನ್ 1987ರಲ್ಲಿ ಇಂಥ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರು. ಮಕ್ಕಳನ್ನು ದಿನವಿಡೀ ಬೇರೆ ಸೆಕ್ಷನ್ ಮಾಡಿದ್ದರಿಂದ ಕಲಿಕೆ ಹೆಚ್ಚಿದ್ದು ಅವರಿಗೆ ಕಾಣಲಿಲ್ಲ. ಒಂದು ವಿಷಯಕ್ಕೆ ಮಾತ್ರ, ತರಗತಿ ದಾಟಿ ಗುಂಪು ಮಾಡಿದ್ದರಿಂದ ಲಾಭ ಕಂಡಿತು.

ಸಿಂಗಾಪುರದ ಕಥೆಯನ್ನು ಪ್ರತ್ಯೇಕ ಸೆಕ್ಷನ್ ಬೇಕೆನ್ನುವವರು ಓದಬೇಕು. ಗಣಿತದಲ್ಲಿ ಆ ದೇಶದ ಮಕ್ಕಳು ಪ್ರಪಂಚಕ್ಕೇ ಮುಂದಿದ್ದಾರೆ. 1979ರ ಸುಧಾರಣೆಯ ನಂತರ ಅಲ್ಲಿ ಪ್ರಾಥಮಿಕ ಶಾಲೆಯಲ್ಲೇ ಮಕ್ಕಳನ್ನು ಬೇರೆ ಬೇರೆ ಹಾದಿಗೆ ಹಚ್ಚುತ್ತಿದ್ದರು. 2008ರಲ್ಲಿ ಪ್ರಾಥಮಿಕ ಹಂತದಲ್ಲಿ ಅದನ್ನು ಕೈಬಿಟ್ಟು, ವಿಷಯವಾರು ಮಟ್ಟ ತಂದರು. ಪ್ರೌಢಶಾಲೆಯ ಎಕ್ಸ್‌ಪ್ರೆಸ್, ನಾರ್ಮಲ್ ಎಂಬ ವಿಭಾಗಗಳನ್ನು 2024ರಲ್ಲಿ ಸೇರಿದ ಮಕ್ಕಳಿಂದ ತೆಗೆದುಹಾಕಿದರು. ಈಗ ಬೇರೆ ಬೇರೆ ಮಟ್ಟದ ಮಕ್ಕಳು ಒಂದೇ ತರಗತಿಯಲ್ಲಿ ಇರುತ್ತಾರೆ. ಗಣಿತವನ್ನು ಮೇಲಿನ ಮಟ್ಟದಲ್ಲಿ, ಭಾಷೆಯನ್ನು ಇನ್ನೊಂದು ಮಟ್ಟದಲ್ಲಿ ಓದಬಹುದು. ಅತಿ ಪ್ರತಿಭಾವಂತರಿಗೆಂದು 1984ರಿಂದ ಆಯ್ದ ಕೆಲವು ಶಾಲೆಗಳಲ್ಲಿ ನಡೆಸುತ್ತಿದ್ದ ಕಾರ್ಯಕ್ರಮವನ್ನೂ ಬದಲಿಸಿ, ಎಲ್ಲ ಪ್ರಾಥಮಿಕ ಶಾಲೆಗಳಲ್ಲೂ ಅಂಥ ಮಕ್ಕಳಿಗೆ ಅಲ್ಲೇ ಹೆಚ್ಚಿನ ಪಾಠ ಕೊಡುತ್ತೇವೆ ಎಂದು 2024ರಲ್ಲಿ ಘೋಷಿಸಿದರು. ವಿಂಗಡಣೆಯನ್ನು ಇಷ್ಟು ಶಿಸ್ತಿನಿಂದ ಮಾಡಿದ ದೇಶವೇ ಹೀಗೆ ದಾರಿ ಬದಲಿಸಿದೆ. ಫಿನ್ಲೆಂಡ್ ಇನ್ನೂ ಮೊದಲೇ, 1985ರಲ್ಲಿ, ಗಣಿತ ಮತ್ತು ಪರಭಾಷೆಗಳಲ್ಲಿ ಇದ್ದ ಮಟ್ಟವಾರು ತರಗತಿಗಳನ್ನು ನಿಲ್ಲಿಸಿತು. ಆದರೆ ಅಲ್ಲಿ ಹಿಂದೆ ಬಿದ್ದ ಮಗುವಿಗೆ ಹೆಚ್ಚುವರಿ ಶಿಕ್ಷಕರ ಸಹಾಯ ಸಿಗುತ್ತದೆ. ಆ ಸಹಾಯವಿಲ್ಲದೆ ಬರೀ ಬೆರೆಸುವುದನ್ನು ಮಾತ್ರ ನಕಲು ಮಾಡಿದರೆ ಪ್ರಯೋಜನವಿಲ್ಲ.

ಎಲ್ಲ ಪಾಠಕ್ಕೂ ಮಕ್ಕಳನ್ನು ಬೇರೆ ಕೋಣೆಗೆ ಕಳಿಸುವ ಅಗತ್ಯವೂ ಇರುವುದಿಲ್ಲ. ಒಳ್ಳೆಯ ಲೆಕ್ಕ ಆರಿಸಿದರೆ ಒಂದೇ ಕೋಣೆಯಲ್ಲಿ ಎಲ್ಲರಿಗೂ ಕೆಲಸ ಸಿಗುತ್ತದೆ. ನನಗೆ ಬಹಳ ಇಷ್ಟವಾದ ಒಂದನ್ನು ಹೇಳುತ್ತೇನೆ. ಸುತ್ತಳತೆ 24 ಇರುವ ಆಯತಗಳನ್ನು ಬರೆಯಿರಿ, ಯಾವುದರ ವಿಸ್ತೀರ್ಣ ಜಾಸ್ತಿ ನೋಡಿ ಎನ್ನುತ್ತೇನೆ. ಕಳೆಯುವ ಲೆಕ್ಕದಲ್ಲಿ ತಡವರಿಸುವ ಹುಡುಗನೂ ಚೌಕುಳಿ ಹಾಳೆಯಲ್ಲಿ ಆಯತ ಬರೆಯುತ್ತಾನೆ, ಮನೆ ಎಣಿಸುತ್ತಾನೆ. 1 ಮತ್ತು 11 ಆದರೆ ವಿಸ್ತೀರ್ಣ 11. 2 ಮತ್ತು 10 ಆದರೆ 20. ಹಾಗೇ 27, 32, 35, ಕೊನೆಗೆ 6 ಮತ್ತು 6ಕ್ಕೆ 36. ಚೌಕವೇ ದೊಡ್ಡದು ಎಂದು ಅವನೇ ಕಂಡುಹಿಡಿಯುತ್ತಾನೆ. ಮಧ್ಯದ ಸಾಲಿನವರು ಐದೂವರೆ, ಆರೂವರೆ ಇಟ್ಟರೆ ಏನಾಗುತ್ತದೆ ಎಂದು ನೋಡುತ್ತಾರೆ, 35.75 ಬರುತ್ತದೆ. ಒಂದು ಸಲ ಒಬ್ಬ ಹುಡುಗಿ ಆ ಸಂಖ್ಯೆಗಳನ್ನೆಲ್ಲ 36ರಿಂದ ಕಳೆಯುತ್ತಾ ಹೋದಳು. 1, 4, 9, 16, 25 ಬಂತು. "ಮಿಸ್, ಎಲ್ಲಾ ವರ್ಗ ಸಂಖ್ಯೆಗಳೇ!" ಎಂದು ಕೂಗಿದಳು. ಯಾಕೆ ಹಾಗೆ ಎಂದು ಹುಡುಕಲು ಅವಳಿಗೆ ಬೀಜಗಣಿತ ಬೇಕಾಯಿತು, ಆರರಿಂದ ಎಷ್ಟು ಕಳೆದರೂ ಅಷ್ಟನ್ನೇ ಇನ್ನೊಂದು ಬದಿಗೆ ಕೂಡಿಸುತ್ತೇವಲ್ಲ ಎಂಬಲ್ಲಿಂದ ಶುರು ಮಾಡಿ. ಆ ದಿನ ಎಲ್ಲರೂ ಒಂದೇ ಲೆಕ್ಕದ ಬಗ್ಗೆ ಮಾತಾಡಿದರು, ಎಲ್ಲರೂ ಹೊಸತೊಂದು ಕಲಿತರು.

ಇಂಥ ಲೆಕ್ಕಗಳು ವಾರಕ್ಕೆ ಒಂದೆರಡು ಸಿಗಬಹುದು. ಪ್ರತಿ ಪಾಠಕ್ಕೂ ಸಿಗುವುದಿಲ್ಲ. ಎರಡು ವರ್ಷ ಮುಂದಿರುವ ಮಗುವಿನ ಹಸಿವು ಇದರಿಂದ ತೀರುವುದೂ ಇಲ್ಲ. ಆ ಮಗುವಿಗೆ ಮೇಲಿನ ತರಗತಿಯ ಪಾಠವೇ ಬೇಕು. ಗಣಿತಜ್ಞ ಟೆರೆನ್ಸ್ ಟಾವೊ 1975ರಲ್ಲಿ ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಹುಟ್ಟಿದವರು. ಅವರನ್ನು ಪೋಷಕರು ಮತ್ತು ಶಾಲೆಯವರು ಸೇರಿ ಬೆಳೆಸಿದ ರೀತಿ ನನಗೆ ಬಹಳ ಹಿಡಿಸಿತು. ಏಳೆಂಟು ವರ್ಷದಲ್ಲಿ ಅವರು ದಿನದ ಒಂದು ಭಾಗ ಪ್ರೌಢಶಾಲೆಗೆ ಹೋಗಿ ಗಣಿತ ಓದುತ್ತಿದ್ದರು, ಉಳಿದ ಹೊತ್ತು ಪ್ರಾಥಮಿಕ ಶಾಲೆಯಲ್ಲಿ ಇರುತ್ತಿದ್ದರು. ಒಂದೊಂದು ವಿಷಯಕ್ಕೆ ಒಂದೊಂದು ತರಗತಿ. ಒಂಬತ್ತರಲ್ಲಿ ವಿಶ್ವವಿದ್ಯಾಲಯದ ಗಣಿತ ಶುರು ಮಾಡಿದರು. 1988ರಲ್ಲಿ ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ನಲ್ಲಿ ಚಿನ್ನ ಗೆದ್ದಾಗ ಅವರಿಗೆ ಹದಿಮೂರರ ಹರೆಯ. ಅಂಥ ಮಗು ಕೋಟಿಗೊಬ್ಬರು, ನಿಜ. ಆದರೆ ಅವರಿಗಾಗಿ ಮಾಡಿದ ಏರ್ಪಾಡನ್ನು ಸಾಮಾನ್ಯವಾಗಿ ಮುಂದಿರುವ ಮಗುವಿಗೂ ಮಾಡಬಹುದು. ಆರನೇ ತರಗತಿಯ ಹುಡುಗಿ ಗಣಿತಕ್ಕೆ ಮಾತ್ರ ಎಂಟಕ್ಕೆ ಹೋಗಿ ಬಂದರೆ ಯಾರಿಗೂ ನಷ್ಟವಿಲ್ಲ.

ಈಗ ಟೈಮ್‌ಟೇಬಲ್ ವಿಷಯಕ್ಕೆ ಬರುತ್ತೇನೆ. ಎಲ್ಲರೂ ಆಗುವುದಿಲ್ಲ ಎನ್ನುವುದು ಇಲ್ಲೇ. ನಮ್ಮ ಈಗಿನ ಶಾಲೆಯಲ್ಲಿ ನಾನು ಐದು, ಆರು, ಏಳನೇ ತರಗತಿಗಳ ಗಣಿತವನ್ನು ಒಂದೇ ಪೀರಿಯಡ್‌ಗೆ ತಂದಿದ್ದೇನೆ. ಅದಕ್ಕೆ ಆ ಹೊತ್ತಿಗೆ ಗಣಿತ ಕಲಿಸಬಲ್ಲ ಮೂವರು ಒಟ್ಟಿಗೆ ಬಿಡುವಾಗಿರಬೇಕು. ವಿಜ್ಞಾನದ ಶಿಕ್ಷಕರೊಬ್ಬರನ್ನು ಒಪ್ಪಿಸಬೇಕಾಯಿತು. ಮೊದಲ ವಾರ ಕಾರಿಡಾರ್‌ನಲ್ಲಿ ಗಲಾಟೆ. ಜಾಮಿಟ್ರಿ ಬಾಕ್ಸ್ ಮರೆತವರು, ತಪ್ಪು ಕೋಣೆಗೆ ಹೋದವರು. ಐದು ನಿಮಿಷ ಹಾಳಾಗುತ್ತಿತ್ತು. ಆಮೇಲೆ ರೂಢಿಯಾಯಿತು. ಗುಂಪು ಮಾಡುವುದು ಒಟ್ಟು ಅಂಕದಿಂದ ಅಲ್ಲ. ಪ್ರತಿ ಪಾಠಕ್ಕೆ ಮೊದಲು ಒಂದು ಪುಟದ ಸಣ್ಣ ಟೆಸ್ಟ್. ಭಿನ್ನರಾಶಿಯಲ್ಲಿ ಹಿಂದಿರುವ ಹುಡುಗ ರೇಖಾಗಣಿತದಲ್ಲಿ ಮುಂದಿರಬಹುದು. ಇದ್ದಾನೆ ಕೂಡ. ಆ ಮುಂದಿನ ಬೆಂಚಿನ ಹುಡುಗನ ಕೈಯಲ್ಲಿ ಕೈವಾರ ಕೊಟ್ಟರೆ ಅವನಷ್ಟು ಅಚ್ಚುಕಟ್ಟಾಗಿ ಯಾರೂ ಚಿತ್ರ ಬರೆಯುವುದಿಲ್ಲ. ಪಾಠ ಬದಲಾದರೆ ಗುಂಪೂ ಬದಲಾಗುತ್ತದೆ. ಗುಂಪಿಗೆ ಎ, ಬಿ ಎಂಬ ಹೆಸರಿಲ್ಲ, ಕೋಣೆಯ ಹೆಸರೇ ಗುಂಪಿನ ಹೆಸರು.

ಒಂದು ವಿಷಯದಲ್ಲಿ ಮಾತ್ರ ನಾನು ಬಹಳ ಹಟ ಹಿಡಿದೆ. ತಳದಿಂದ ಕಲಿಯಬೇಕಾದ ಗುಂಪು ಎಲ್ಲಕ್ಕಿಂತ ಚಿಕ್ಕದಾಗಿರಬೇಕು, ಅದಕ್ಕೆ ಶಾಲೆಯ ಅತಿ ಅನುಭವಿ ಶಿಕ್ಷಕರೇ ಹೋಗಬೇಕು. ಮುಂದಿರುವ ಮಕ್ಕಳು ದೊಡ್ಡ ಗುಂಪಿನಲ್ಲೂ ಕಲಿಯುತ್ತಾರೆ. ಕಡ ತರುವುದು ಗೊತ್ತಿಲ್ಲದ ಹುಡುಗನ ಪಕ್ಕ ಮಾತ್ರ ಯಾರಾದರೂ ಕೂರಲೇಬೇಕು. ಈ ಒಂದು ನಿಯಮ ತಪ್ಪಿದರೆ ನಾನು ಮೇಲೆ ಹೇಳಿದ ಬಿ ಸೆಕ್ಷನ್ ಇನ್ನೊಂದು ಬಾಗಿಲಿನಿಂದ ಒಳಗೆ ಬರುತ್ತದೆ. ಕೆಲವು ಪೋಷಕರು ಇದಕ್ಕೆ ಬೇಸರಪಟ್ಟರು. "ನಮ್ಮ ಮಗ ಮುಂದಿದ್ದಾನೆ, ಹಿರಿಯ ಮೇಡಂ ಅವನಿಗಲ್ಲವೇ ಬೇಕು?" ಎಂದು ಕೇಳಿದರು. ಅವರ ಆಸೆ ಅರ್ಥವಾಗುತ್ತದೆ, ಆದರೆ ಒಪ್ಪಲಿಲ್ಲ.

ಒಬ್ಬಿಬ್ಬರೇ ಶಿಕ್ಷಕರಿರುವ ಚಿಕ್ಕ ಶಾಲೆಯಲ್ಲಿ ಹೇಗೆ ಎಂದು ಕೇಳಬಹುದು. ಅಲ್ಲಿ ಕೋಣೆ ಬದಲಿಸಲಾಗದು. ಆದರೂ ಎರಡು ಮೂರು ತರಗತಿಗಳನ್ನು ಒಟ್ಟಿಗೆ ಕೂರಿಸುವ ಶಾಲೆಗಳಲ್ಲಿ ಮುಂದಿರುವ ಮಗು ಮೇಲಿನ ತರಗತಿಯ ಮಕ್ಕಳ ಪಕ್ಕ ಹೋಗಿ ಕೂರುವುದು ತೀರಾ ಸುಲಭ. ಶಿಕ್ಷಕರು ತಡೆಯದಿದ್ದರೆ ಸಾಕು.

ಪ್ರತ್ಯೇಕ ಸೆಕ್ಷನ್ ಕೇಳಿದ ಆ ತಂದೆಗೆ ನನ್ನದೊಂದು ವಿನಂತಿ. ನಿಮ್ಮ ಮಗಳು ಸುಮ್ನೆ ಕೂತು ಬರುತ್ತಾಳೆ ಎಂಬ ನಿಮ್ಮ ದೂರು ನಿಜ. ಅದನ್ನು ಬಿಡಬೇಡಿ. ಶಾಲೆಗೆ ಹೋಗಿ ಸೆಕ್ಷನ್ ಬದಲಿಸಿ ಎನ್ನುವ ಬದಲು, ಅವಳಿಗೆ ಈಗಾಗಲೇ ಗೊತ್ತಿರುವ ಪಾಠಗಳು ಯಾವುವು, ಆ ಹೊತ್ತಿನಲ್ಲಿ ಅವಳಿಗೆ ಏನು ಕೊಡುತ್ತೀರಿ, ಗಣಿತಕ್ಕೆ ಮಾತ್ರ ಮೇಲಿನ ತರಗತಿಯಲ್ಲಿ ಕೂರಿಸಬಹುದೇ ಎಂದು ಕೇಳಿ. ಎಲ್ಲರೂ ಒಟ್ಟಿಗೆ ಕಲಿಯಲಿ ಎಂದ ಓದುಗರ ಜೊತೆಗೂ ನನಗೆ ಜಗಳವಿಲ್ಲ. ಆಟ, ಸಂಗೀತ, ಸಮಾಜ ಪಾಠ, ಊಟದ ಹೊತ್ತು, ಪ್ರವಾಸ ಎಲ್ಲದರಲ್ಲೂ ಮಕ್ಕಳು ಬೆರೆತೇ ಇರಲಿ. ಗಣಿತದ ಆ ಒಂದು ಪೀರಿಯಡ್ ಬಿಟ್ಟುಕೊಡಿ ಎಂದಷ್ಟೇ ಕೇಳುತ್ತೇನೆ.

ಮುಖ್ಯೋಪಾಧ್ಯಾಯರಿಗೆ ಇನ್ನೊಂದು ಮಾತು. ವರ್ಷದ ಟೈಮ್‌ಟೇಬಲ್ ಹಾಕುವಾಗ ಸಾಮಾನ್ಯವಾಗಿ ಮೊದಲು ಲ್ಯಾಬ್, ಆಮೇಲೆ ಪಿಟಿ, ಆಮೇಲೆ ಶಿಕ್ಷಕರ ಬಿಡುವು ನೋಡುತ್ತೇವೆ. ಗಣಿತ ಉಳಿದ ಜಾಗಕ್ಕೆ ಬೀಳುತ್ತದೆ. ಈ ಸಲ ಖಾಲಿ ಹಾಳೆಯಲ್ಲಿ ಮೊದಲು ಮೂರು ತರಗತಿಗಳ ಗಣಿತವನ್ನು ಒಂದೇ ಸಾಲಿನಲ್ಲಿ ಬರೆದು, ಮಿಕ್ಕಿದ್ದನ್ನು ಆಮೇಲೆ ತುಂಬಿ ನೋಡಿ. ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಈ ಅಂಕಣದಲ್ಲೇ ಬರೆದರೆ, ನಾವು ಅದನ್ನು ಹೇಗೆ ಬಿಡಿಸಿಕೊಂಡೆವು ಎಂದು ಬರೆಯಲು ನಾನು ಸಿದ್ಧಳಿದ್ದೇನೆ.

ಇತಿ,
ಒಬ್ಬ ಗಣಿತ ಶಿಕ್ಷಕಿ